30×40 ಸೈಟಿನಲ್ಲಿ 80 ಮೀಟರ್ ಕೇಳಬೇಕೆಂದರೆ: ಟೆರೇಸಿನ ಆಕ್ಟಿವ್ ಲೂಪ್ ಜೊತೆ ಮೂರು ವರ್ಷ

ನಾನು ಹ್ಯಾಮ್ ರೇಡಿಯೋ ಹವ್ಯಾಸಿ. ಸಂಜೆ ಏಳಾದರೆ ಸಾಕು, 80 ಮೀಟರ್ ಬ್ಯಾಂಡಿನಲ್ಲಿ (ತರಂಗದ ಉದ್ದ ಸುಮಾರು 80 ಮೀಟರ್ ಇರುವ ಪಟ್ಟಿ) ನನ್ನ ಎಸ್-ಮೀಟರ್, ಅಂದರೆ ಬರುವ ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಮೀಟರ್, 9ರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬೆಂಗಳೂರು, 30×40 ಸೈಟು, ಸುತ್ತ ಮೂರೂ ಕಡೆ ಗೋಡೆಗೆ ಗೋಡೆ ತಾಗಿದಂತೆ ಮನೆಗಳು. ಎಲ್‌ಇಡಿ ದೀಪ, ಟಿವಿ, ಯುಪಿಎಸ್, ಫೋನ್ ಚಾರ್ಜರ್, ಎಲ್ಲದರ ಗದ್ದಲವೂ ಟೆರೇಸಿನ ಮೇಲಿನ ನನ್ನ ಡೈಪೋಲಿಗೆ (ಎರಡು ಕಡೆಗೆ ವೈರ್ ಎಳೆದ ಮಾಮೂಲಿ ಆಂಟೆನಾ) ಬಂದು ಸೇರುತ್ತಿತ್ತು. ನಾನು ಕೂಗಿದ್ದು ಬೇರೆಯವರಿಗೆ ಕೇಳಿಸುತ್ತಿತ್ತು, ಅವರು ಉತ್ತರ ಕೊಟ್ಟರೆ ನನಗೆ ಕೇಳಿಸುತ್ತಿರಲಿಲ್ಲ.

ಒಂದು ರಾತ್ರಿ ಇಡೀ ಬೀದಿಯ ಕರೆಂಟ್ ಹೋಯಿತು. ರಿಗ್ (ರೇಡಿಯೋ ಸೆಟ್) ಬ್ಯಾಟರಿ ಮೇಲಿತ್ತು. ಮೀಟರ್ 9ರಿಂದ ಸೀದಾ 4ಕ್ಕೆ ಬಿತ್ತು, ಅದುವರೆಗೆ ಇಲ್ಲವೇ ಇಲ್ಲ ಅಂದುಕೊಂಡಿದ್ದ ಸ್ಟೇಷನ್‌ಗಳು ಒಂದೊಂದಾಗಿ ಕೇಳಿಸತೊಡಗಿದವು. ಸಿಗ್ನಲ್ ಮೊದಲಿಂದಲೂ ಬರುತ್ತಲೇ ಇತ್ತು, ಗದ್ದಲದ ಕೆಳಗೆ ಹೂತುಹೋಗಿತ್ತು ಅಷ್ಟೇ. ಆವತ್ತೇ ತೀರ್ಮಾನ ಮಾಡಿದೆ, ಕೇಳುವುದಕ್ಕೇ ಅಂತ ಬೇರೆ ಆಂಟೆನಾ ಬೇಕು.

ಕಡಿಮೆ ಜಾಗ ಇರುವವರಿಗೆ ಆಯ್ಕೆಗಳು ಬೇಗ ಮುಗಿಯುತ್ತವೆ. ಬೆವರೇಜ್ ಆಂಟೆನಾ ಎಲ್ಲಕ್ಕಿಂತ ಚೆನ್ನ, ಆದರೆ 160 ಮೀಟರ್ ಬ್ಯಾಂಡಿಗೆ ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಹತ್ತಿರ ಹತ್ತಿರ 160 ಮೀಟರ್ ಉದ್ದದ ವೈರ್ ಎಳೆಯಬೇಕು. ತೋಟ ಇದ್ದವರ ಮಾತು ಅದು. 1997ರಲ್ಲಿ ಬಂದ ಕೆ9ಎವೈ ಎಂಬ ಲೂಪ್ ಆಂಟೆನಾಗೆ ಸುಮಾರು ಏಳೂವರೆ ಮೀಟರ್ ಎತ್ತರದ ಕಂಬ, ಒಂಬತ್ತು ಮೀಟರ್ ಅಗಲ, ಜೊತೆಗೆ ಒಳ್ಳೆಯ ಅರ್ತಿಂಗ್ ಬೇಕು. ಫ್ಲ್ಯಾಗ್ ಆಂಟೆನಾಗೆ ಅರ್ತ್ ಬೇಡ, ಆದರೆ 8.8 ಮೀಟರ್ ಅಗಲ, 4.3 ಮೀಟರ್ ಎತ್ತರದ ಚೌಕಟ್ಟನ್ನು ಟೆರೇಸಿನಲ್ಲಿ ನಿಲ್ಲಿಸಿದರೆ ಬಟ್ಟೆ ಒಣಗಿಸುವುದು ಎಲ್ಲಿ? ಕೊನೆಗೆ ಉಳಿದಿದ್ದು ಒಂದು ಮೀಟರ್ ಅಗಲದ ಜಾಗದಲ್ಲಿ ಕೂರುವ ಆಕ್ಟಿವ್ ಲೂಪ್, ಅಂದರೆ ಬುಡದಲ್ಲೇ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್ ಇರುವ ಬಳೆಯಾಕಾರದ ಆಂಟೆನಾ.

ಮೊದಲು ತರಿಸಿದ್ದು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಒಂದು ಲೂಪ್, ನಾಲ್ಕು ಸಾವಿರ ರೂಪಾಯಿ ಒಳಗೆ. ತೆಳ್ಳಗಿನ ಸ್ಟೀಲ್ ತಂತಿ, ಸಣ್ಣ ಡಬ್ಬಿಯಲ್ಲಿ ಆಂಪ್ಲಿಫೈಯರ್. ಕೂರಿಸಿದ ಮಾರನೇ ದಿನ ಬೆಳಿಗ್ಗೆ 160 ಮೀಟರ್ ಬ್ಯಾಂಡಿನ ಒಳಗೆ, 1836 ಕಿಲೋಹರ್ಟ್ಸ್‌ನಲ್ಲಿ, ಸ್ಪಷ್ಟವಾಗಿ ಕನ್ನಡ ವಾರ್ತೆ ಕೇಳಿಸಿತು! ಬೆಂಗಳೂರು ಆಕಾಶವಾಣಿ ಇರುವುದು 612ರಲ್ಲಿ. 612ನ್ನು ಮೂರರಿಂದ ಗುಣಿಸಿ ನೋಡಿ. ಆಕಾಶವಾಣಿಯ ತಪ್ಪೇನೂ ಇಲ್ಲ. ಊರೊಳಗಿನ ಅಷ್ಟು ಜೋರಾದ ಸಿಗ್ನಲನ್ನು ಈ ಆಂಪ್ಲಿಫೈಯರ್ ತಡೆದುಕೊಳ್ಳಲಾರದೆ ಒಳಗೇ ಅದರ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ನಕಲು) ಹುಟ್ಟಿಸುತ್ತಿತ್ತು. ರಿಗ್ ಹತ್ತಿರ ಮೀಡಿಯಂ ವೇವ್ ಫಿಲ್ಟರ್ ಹಾಕಿದೆ, ಏನೂ ಬದಲಾಗಲಿಲ್ಲ. ಆಗುವುದೂ ಇಲ್ಲ, ಯಾಕೆಂದರೆ ಕೆಡುವುದು ಮೇಲೆ ಡಬ್ಬಿಯಲ್ಲೇ ಕೆಟ್ಟು ಬರುತ್ತದೆ. ನಗರದಲ್ಲಿ ಇರುವವರು ಕೊಳ್ಳುವಾಗ ಎಷ್ಟು ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ) ಅಂತ ಕೇಳಬೇಡಿ, ಜೋರು ಸಿಗ್ನಲ್ ಎಷ್ಟು ತಡೆಯುತ್ತದೆ ಅಂತ ಕೇಳಿ.

ಆರು ತಿಂಗಳಾದ ಮೇಲೆ ಅದನ್ನು ತೆಗೆದು ಬ್ಯಾಲೆನ್ಸ್ಡ್ (ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿ ದುಡಿಯುವ) ಆಂಪ್ಲಿಫೈಯರ್ ಇರುವ ಬೇರೆ ಬೋರ್ಡ್ ಹಾಕಿದೆ. ತಂತಿಯ ಬದಲು ಎಸಿ ರಿಪೇರಿಯವರು ಬಳಸುವ ಅರ್ಧ ಇಂಚಿನ ಕಾಪರ್ ಪೈಪ್, ಮೂರು ಮೀಟರ್, ದುಂಡಗೆ ಬಗ್ಗಿಸಿದರೆ ಸರಿಯಾಗಿ ಒಂದು ಮೀಟರಿಗೆ ಸ್ವಲ್ಪ ಕಡಿಮೆ ವ್ಯಾಸ ಬರುತ್ತದೆ. ಪೈಪ್ ದಪ್ಪ ಇದ್ದಷ್ಟೂ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಒಡ್ಡುವ ತಡೆ) ಕಡಿಮೆ, ಸಿಗ್ನಲ್ ಜಾಸ್ತಿ. 1836ರ ವಾರ್ತೆ ಆವತ್ತಿಗೆ ನಿಂತಿತು.

ಆದರೂ ಗದ್ದಲ ಪೂರ್ತಿ ಹೋಗಲಿಲ್ಲ. ಇಲ್ಲಿ ನಾನು ಎರಡು ತಿಂಗಳು ಕಳೆದೆ, ನೀವು ಕಳೆಯಬೇಡಿ. ಲೂಪಿನ ಎರಡೂ ತುದಿಯನ್ನು ಡಬ್ಬಿಯಿಂದ ಬಿಚ್ಚಿ, ಆಂಪ್ಲಿಫೈಯರ್ ಆನ್ ಇಟ್ಟು, ಕೆಳಗೆ ಬಂದು ಕೇಳಿ. ಲೂಪೇ ಇಲ್ಲದಿದ್ದರೂ ಗದ್ದಲ ಹಾಗೇ ಇದ್ದರೆ ಅದು ಬರುತ್ತಿರುವುದು ಕೇಬಲ್ಲಿನ ಹೊರಮೈ ಹಿಡಿದುಕೊಂಡು. ನನ್ನದು ಅದೇ ಕಥೆ. ಆ ಗದ್ದಲ ತಡೆಯುವ 31 ಮಿಕ್ಸ್ (ವಸ್ತುವಿನ ನಮೂನೆ) ಫೆರೈಟ್ ರಿಂಗ್ ಎರಡು ತರಿಸಿ, ತೆಳ್ಳಗಿನ ಕೋಆಕ್ಸ್ (ಆಂಟೆನಾ ಕೇಬಲ್) ಹನ್ನೆರಡು ಸುತ್ತು ಸುತ್ತಿ, ಒಂದನ್ನು ಲೂಪಿನ ಬುಡದಲ್ಲಿ, ಇನ್ನೊಂದನ್ನು ಕೇಬಲ್ ಮನೆಯೊಳಗೆ ಬರುವ ಕಡೆ ಹಾಕಿದೆ. 12 ವೋಲ್ಟಿನ ಚಾರ್ಜರ್ ಥರದ ಅಡಾಪ್ಟರ್ ಎಸೆದು, ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಇರುವ ಸಪ್ಲೈ ಕೊಟ್ಟೆ. ಮೀಟರ್ ಇಳಿದಿದ್ದು ಆಗ. ಹೊಸ ಬೋರ್ಡಿಗಿಂತ ಈ ಎರಡು ರಿಂಗ್ ಮಾಡಿದ ಉಪಕಾರವೇ ದೊಡ್ಡದು ಅಂತ ಇವತ್ತಿಗೂ ನನ್ನ ನಂಬಿಕೆ.

ಇನ್ನು ಲೂಪಿನ ನಿಜವಾದ ಗುಣ, ನಲ್. ಲೂಪ್ ಯಾವ ಕಡೆ ಮುಖ ಮಾಡಿ ನಿಂತಿದೆಯೋ ಆ ದಿಕ್ಕಿನಿಂದ ಅದಕ್ಕೆ ಕೇಳಿಸುವುದಿಲ್ಲ. ಅಂಚಿನ ಕಡೆಯಿಂದ ಚೆನ್ನಾಗಿ ಕೇಳಿಸುತ್ತದೆ. ಹಿಂದಿನ ಮನೆಯ ಗೇಟ್ ದೀಪ ಸಂಜೆ ಹತ್ತಿದ ಕೂಡಲೇ ಕರಕರ ಅಂತ ಒಂದು ಸದ್ದು ಶುರುವಾಗುತ್ತದೆ. ಟೆರೇಸಿಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪೈಪನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಎರಡು ಬೆರಳಷ್ಟು ಜಾಗದಲ್ಲಿ ಸದ್ದು ಥಟ್ಟನೆ ಕರಗಿಹೋಗುತ್ತದೆ. ಅಷ್ಟೇ ಜಾಗ, ಅದನ್ನು ದಾಟಿದರೆ ಮತ್ತೆ ಬರುತ್ತದೆ. ದೂರದ ಸ್ಟೇಷನ್‌ಗಳು ಆಕಾಶದಿಂದ ಓರೆಯಾಗಿ ಇಳಿದು ಬರುವುದರಿಂದ ಅವು ಅಷ್ಟಾಗಿ ಸಾಯುವುದಿಲ್ಲ, ಅದೇ ಇದರ ಚೆಂದ. ಕಳೆದ ಚಳಿಗಾಲ 3573 ಕಿಲೋಹರ್ಟ್ಸ್‌ನಲ್ಲಿ, ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಎಫ್‌ಟಿ8 ಹೋಲಿಸಿ ನೋಡಿದೆ. ಡೈಪೋಲಿನಲ್ಲಿ ಮೈನಸ್ 19 (ಗದ್ದಲಕ್ಕೆ ಹೋಲಿಸಿ ಸಿಗ್ನಲ್ ಎಷ್ಟು ಅನ್ನುವ ಡೆಸಿಬೆಲ್ ಲೆಕ್ಕ, ಸೊನ್ನೆಯ ಹತ್ತಿರ ಬಂದಷ್ಟೂ ಚೆನ್ನ) ಬರುತ್ತಿದ್ದ ಸ್ಟೇಷನ್ ಲೂಪಿನಲ್ಲಿ ಮೈನಸ್ 11, 12. ಎಸ್-ಮೀಟರ್ ನೋಡಿದರೆ ಲೂಪಿನಲ್ಲಿ ಸಿಗ್ನಲ್ ಕಡಿಮೆಯೇ ಕಾಣುತ್ತದೆ. ಸಿಗ್ನಲ್ ಇಳಿದಿದ್ದಕ್ಕಿಂತ ಗದ್ದಲ ಜಾಸ್ತಿ ಇಳಿದಿದೆ, ಅಷ್ಟು ಸಾಕು ಅಲ್ವಾ?

ಎಲ್ಲ ಕಷ್ಟಕ್ಕೂ ಇದು ಮದ್ದಲ್ಲ. ಗದ್ದಲ ಎರಡು ಬೇರೆ ಬೇರೆ ದಿಕ್ಕಿನಿಂದ ಬಂದರೆ ಒಂದನ್ನು ಮಾತ್ರ ಮುಚ್ಚಬಹುದು. ನಮ್ಮ ಬೀದಿಯಲ್ಲಿ ಈಗ ಎರಡು ಮನೆಗೆ ಸೋಲಾರ್ ಪ್ಯಾನೆಲ್ ಬಂದಿದೆ, ಹಗಲು ಹೊತ್ತು ಕಷ್ಟವೇ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆಯ ಸ್ಟಾಟಿಕ್ ಎಲ್ಲ ಕಡೆಯಿಂದಲೂ ಬರುತ್ತದೆ, ಆಗ ಲೂಪ್ ಇದ್ದೂ ಇಲ್ಲದಂತೆ. ಗುಡುಗಿದರೆ ಕೇಬಲ್ ಬಿಚ್ಚಿಡಿ. 40 ಮೀಟರಿನಲ್ಲಿ ಎಷ್ಟೋ ಸಲ ಡೈಪೋಲೇ ವಾಸಿ.

ಮೂರು ಮಳೆಗಾಲ ಕಳೆದಿದೆ. ಕಾಪರ್ ಪೈಪಿಗೆ ನಾನು ಹಾಕಿದ್ದ ಕಬ್ಬಿಣದ ಸ್ಕ್ರೂ ಮೊದಲ ಮಳೆಗೇ ತುಕ್ಕು ಹಿಡಿದು, ಸಂದಿಯಲ್ಲಿ ಹಸಿರು ಪುಡಿ ಕಟ್ಟಿ, ಸಿಗ್ನಲ್ ಬಂದು ಹೋಗಿ ಮಾಡತೊಡಗಿತು. ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಗ್ರೀಸ್ ಬಳಿದ ಮೇಲೆ ಸರಿ ಇದೆ. ಬಿಳಿ ಕೇಬಲ್ ಟೈಗಳು ಬಿಸಿಲಿಗೆ ಬಿಸ್ಕತ್ತಿನಂತೆ ಮುರಿದವು. ನೀರು ಇಳಿಯಲಿ ಅಂತ ಡಬ್ಬಿಯ ತಳಕ್ಕೆ ಕೊರೆದ ತೂತಿನಿಂದ ಇರುವೆ ಹತ್ತಿ ಗೂಡು ಮಾಡಿದ್ದವು, ಈಗ ತೂತಿಗೆ ಸಣ್ಣ ಬಲೆ ಅಂಟಿಸಿದ್ದೇನೆ. ಇನ್ನೊಂದು, ತುಂಬಾ ಮುಖ್ಯ. ನನ್ನ ರಿಗ್ಗಿನಲ್ಲಿ ರಿಸೀವ್ ಆಂಟೆನಾಗೆ ಬೇರೆ ಸಾಕೆಟ್ ಇಲ್ಲ. ಡೈಪೋಲ್ ಆರೇಳು ಮೀಟರ್ ದೂರದಲ್ಲೇ ಇದೆ, 100 ವ್ಯಾಟ್ ಬಿಟ್ಟರೆ ಲೂಪಿನ ಟ್ರಾನ್ಸಿಸ್ಟರ್ ಉಳಿಯುವುದಿಲ್ಲ. ಒಂದು ಜೊತೆ ಕಳೆದುಕೊಂಡ ಮೇಲೆ, ಮೈಕ್ ಒತ್ತಿದ ತಕ್ಷಣ ಲೂಪಿನ ಕರೆಂಟ್ ಕಡಿದು ಲೈನ್ ಬಿಡಿಸುವ ರಿಲೇ ಹಾಕಿದೆ. ಅದನ್ನು ಮೊದಲ ದಿನವೇ ಹಾಕಿ.

ಮನೆ ಹಿಂದೆ ಐದು ಮೀಟರ್ ಚೌಕದಷ್ಟು ಬರೀ ಮಣ್ಣು ಇದ್ದರೆ ಇಷ್ಟೆಲ್ಲ ಮಾಡುವ ಮೊದಲು ಲೂಪ್ ಆನ್ ಗ್ರೌಂಡ್ ಮಾಡಿ ನೋಡಿ. 18 ಮೀಟರ್ ಇನ್ಸುಲೇಟೆಡ್ ವೈರ್ ಚೌಕವಾಗಿ ನೆಲದ ಮೇಲೆ ಹಾಸಿ, ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಂಡರೆ ಆಯಿತು, ಖರ್ಚು ಕಡಿಮೆ. ಟೆರೇಸ್ ಮಾತ್ರ ಇರುವವರು, ದುಡ್ಡು ಕೊಡುವ ಮೊದಲು ಒಂದು ಸಂಜೆ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಹಿಡಿದುಕೊಂಡು ಮೇಲೆ ಹೋಗಿ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ನಾಲ್ಕೂ ಮೂಲೆ ಸುತ್ತಿ. ನಮ್ಮ ಮನೆಯಲ್ಲಿ ನೀರಿನ ಟ್ಯಾಂಕ್ ಪಕ್ಕ ಕಿವಿಗಡಚಿಕ್ಕುವ ಸದ್ದು, ಅಲ್ಲಿಂದ ಹನ್ನೆರಡು ಹೆಜ್ಜೆ ಆಚೆ ಆಗ್ನೇಯ ಮೂಲೆಯಲ್ಲಿ ಬಹುತೇಕ ನಿಶ್ಶಬ್ದ. ಲೂಪ್ ಈಗ ನಿಂತಿರುವುದು ಅಲ್ಲೇ.