ಬಿಷಪ್, ಎಫ್‌ವಿ304, ಕ್ರುಸೇಡರ್ 5.5: ಬ್ರಿಟಿಷ್ ಆರ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಆನ್‌ಲೈನ್ ಟ್ಯಾಂಕ್ ಕಾಳಗದ ಗೇಮ್ ವರ್ಲ್ಡ್ ಆಫ್ ಟ್ಯಾಂಕ್ಸ್‌ನ ಬ್ರಿಟಿಷ್ ಆರ್ಟಿ (ದೂರದಿಂದ ಗುಂಡು ಹಾಕುವ ಫಿರಂಗಿ ಗಾಡಿ) ಸಾಲಿಗೆ ಇಳಿದವರ ಕಣ್ಣೆಲ್ಲ ಹತ್ತನೇ ಟಿಯರ್‌ನ, ಅಂದರೆ ಹತ್ತನೇ ಮೆಟ್ಟಿಲಿನ, ಕಾಂಕರರ್ ಗನ್ ಕ್ಯಾರೇಜ್ ಮೇಲೆ. ದಾರಿಯಲ್ಲಿ ಬರುವ ಐದನೇ ಟಿಯರ್‌ನ ಬಿಷಪ್, ಆರನೆಯ ಎಫ್‌ವಿ304, ಏಳನೆಯ ಕ್ರುಸೇಡರ್ 5.5 ಇಂಚು ಎಸ್‌ಪಿ, ಮೂರನ್ನೂ ಮುಂದಿನ ಗಾಡಿಗೆ ಬೇಕಾದ ಎಕ್ಸ್‌ಪಿ (ಅನುಭವದ ಅಂಕ) ತುಂಬಿದ ಕೂಡಲೇ ಮಾರಿ ಮುಂದೆ ಹೋಗುವುದು ರೂಢಿ. ಬಿಷಪ್ ಮಾರಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕ್ರುಸೇಡರ್ ಒಳ್ಳೆಯದೇ, ಆದರೆ ಅದರಂಥದ್ದು ಬೇರೆ ದೇಶಗಳ ಸಾಲಿನಲ್ಲೂ ಸಿಗುತ್ತದೆ. ಎಫ್‌ವಿ304ರಂಥ ಗಾಡಿ ಮಾತ್ರ ಇನ್ನೊಂದಿಲ್ಲ.

ಬಿಷಪ್‌ನಿಂದ ಶುರು ಮಾಡೋಣ. ಅಸಲಿ ಬಿಷಪ್ 1942ರಲ್ಲಿ ಉತ್ತರ ಆಫ್ರಿಕಾದ ತುರ್ತಿಗೆ ಹುಟ್ಟಿದ್ದು: ವ್ಯಾಲೆಂಟೈನ್ ಟ್ಯಾಂಕಿನ ಮೇಲೆ ಕಬ್ಬಿಣದ ಪೆಟ್ಟಿಗೆ ಕೂರಿಸಿ ಅದರೊಳಗೆ 25 ಪೌಂಡರ್ ಎಂಬ ಬ್ರಿಟಿಷ್ ತೋಪು ತುರುಕಿದರು. ಪೆಟ್ಟಿಗೆಯ ಇಕ್ಕಟ್ಟಿನಿಂದ ನಳಿಕೆ 15 ಡಿಗ್ರಿಗಿಂತ ಮೇಲೇಳುತ್ತಿರಲಿಲ್ಲ. ನೆಲದ ಮೇಲೆ 13,400 ಗಜ ಹೊಡೆಯುವ ಅದೇ ತೋಪು ಇಲ್ಲಿ 6,400 ಗಜಕ್ಕೆ ನಿಂತುಹೋಯಿತು. ಸಿಪಾಯಿಗಳು ಮಣ್ಣಿನ ದಿಬ್ಬ ಮಾಡಿ ಗಾಡಿಯ ಮೂತಿಯನ್ನೇ ಎತ್ತಿ ಹೊಡೆದದ್ದುಂಟು. ಗೇಮ್ ಮಾಡಿದವರು ಈ ಮೊಟಕು ವ್ಯಾಪ್ತಿಯನ್ನು ಉಳಿಸಿಕೊಂಡರು, ಆದರೆ ಗುಂಡಿಗೆ ಬಲು ಎತ್ತರದ ಕಮಾನು ಕೊಟ್ಟರು. ಇತಿಹಾಸಕ್ಕೆ ಇದು ಪೂರ್ತಿ ತಿರುಗಾಮುರುಗ. ಆಟಕ್ಕೆ ಮಾತ್ರ ವರವೇ ಆಗುತ್ತಿತ್ತು, ಗಾಡಿಯ ವೇಗ ಗಂಟೆಗೆ 24 ಕಿಲೋಮೀಟರ್‌ಗೆ ನಿಲ್ಲದಿದ್ದರೆ. ಮ್ಯಾಪ್‌ನ ಎಡ ದಂಡೆಯಲ್ಲಿ ಕಾಳಗ ಮುಗಿದು ಬಲಕ್ಕೆ ಹೊರಳಿತು ಅಂದುಕೊಳ್ಳಿ. ಬಿಷಪ್ ಅಲ್ಲಿಗೆ ತೆವಳಿಕೊಂಡು ಹೋಗುವಷ್ಟರಲ್ಲಿ ಪಂದ್ಯವೇ ತೀರ್ಮಾನವಾಗಿರುತ್ತದೆ.

ಎಫ್‌ವಿ304ರಲ್ಲಿ ಕಮಾನು ಅದೇ ಬಗೆಯದು, ವ್ಯಾಪ್ತಿಯೂ ಮೊಟಕೇ. ಆದರೆ ವೇಗದ ಮಿತಿ 56 ಕಿಲೋಮೀಟರ್! ಎಲ್ಲ ವ್ಯತ್ಯಾಸ ಇರುವುದು ಇಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಯೋಚಿಸಿದ ಎಫ್‌ವಿ300 ಹಗುರ ಟ್ಯಾಂಕಿನ ಚಾಸಿ ಮೇಲೆ 25 ಪೌಂಡರ್ ಕೂರಿಸುವ ಯೋಜನೆ ಇದು. ಇಡೀ ಸರಣಿಯೇ ರದ್ದಾದ್ದರಿಂದ ಪ್ರೊಟೊಟೈಪ್ ಹಂತ ದಾಟಲಿಲ್ಲ. ಗೇಮ್‌ನಲ್ಲಿ ಇದರ ಕೊನೆಯ ತೋಪು 4.5 ಇಂಚಿನ, ಅಂದರೆ 114 ಮಿಲಿಮೀಟರ್‌ನ ಹೊವಿಟ್ಸರ್. ನಿಜದಲ್ಲಿ ಮೊದಲ ಮಹಾಯುದ್ಧ ಕಾಲದ ಆ ಹೊವಿಟ್ಸರನ್ನು ಬದಲಿಸಲೆಂದೇ 25 ಪೌಂಡರ್ ಬಂದದ್ದು. ಇಲ್ಲಿ ಹಳೆಯದೇ ಬಡ್ತಿಯಾಗಿ ಕೂತಿದೆ. ಆದರೂ 4.5 ಇಂಚಿನದನ್ನೇ ಮೊದಲು ತೆರೆಯಿರಿ. ಗಾಡಿಯ ಸ್ವಭಾವ ಇರುವುದು ಅದರಲ್ಲೇ.

ಈ ಗಾಡಿಯಲ್ಲಿ ಸೋಲುವವರೆಲ್ಲ ಮಾಡುವುದು ಒಂದೇ ಕೆಲಸ, ಬೇಸ್‌ನ ಮೂಲೆಯಲ್ಲಿ ನಿಲ್ಲುವುದು. ಪ್ರೊಖೊರೊವ್ಕಾ, ಮಾಲಿನೊವ್ಕಾಗಳಂಥ 1000 ಮೀಟರ್ ಚೌಕದ ಮ್ಯಾಪ್‌ನಲ್ಲಿ ಅಲ್ಲಿಂದ ಶತ್ರುವಿನ ಬೇಸ್ ಇರಲಿ, ನಡುಗೆರೆ ದಾಟಿದ ಜಾಗಕ್ಕೇ ಗುಂಡು ಮುಟ್ಟುವುದು ಕಷ್ಟ. ಎಣಿಕೆ ಮುಗಿದ ಕೂಡಲೇ ನಮ್ಮ ಹೆವಿಗಳು (ಭಾರಿ ಟ್ಯಾಂಕುಗಳು) ಹೋದ ಕಡೆಗೆ ಹೊರಡಬೇಕು, ಅವರ ಬೆನ್ನಿಗೆ ಕಟ್ಟಡವನ್ನೋ ಗುಡ್ಡವನ್ನೋ ಮರೆ ಮಾಡಿಕೊಂಡು ನಿಲ್ಲಬೇಕು. ಎಂಥ ಕಣ್ಣಿನ ಟ್ಯಾಂಕಿಗೂ 445 ಮೀಟರ್ ಆಚೆ ಏನೂ ಕಾಣದು. ಅದರೊಳಗೂ ನಡುವೆ ಗೋಡೆಯಿದ್ದರೆ 50 ಮೀಟರ್ ಹತ್ತಿರ ಬರುವವರೆಗೆ ಕಾಣದು. ಹಾಗಾಗಿ ಈ ಗಾಡಿಗೆ ಪೊದೆಗಿಂತ ಗೋಡೆ ಒಳ್ಳೆಯದು. ಪೊದೆಯ 15 ಮೀಟರ್ ಒಳಗೆ ನಿಂತು ಹೊಡೆದರೆ ಅದರ ಮರೆ ಹೆಚ್ಚುಕಡಿಮೆ ಹಾರಿಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಬಹಳ ಜನರಿಗೆ ಗೊತ್ತಿಲ್ಲ. ಗುರಿ ಹತ್ತಿರವಿದ್ದಷ್ಟು ಗುಂಡಿನ ಕಮಾನು ಚಪ್ಪಟೆಯಾಗುತ್ತದೆ, ದೂರವಾದಷ್ಟು ಕಡಿದಾಗಿ ಇಳಿಯುತ್ತದೆ. ಮನೆಯ ಹಿಂದೆ ನಿಂತವನಿಗೆ ಹಾಕಿದ ಗುಂಡು ಸೂರಿಗೆ ಬಡಿಯುತ್ತಿದ್ದರೆ ಮುಂದೆ ಹೋಗಬೇಡಿ, ಹಿಂದಕ್ಕೆ ಸರಿಯಿರಿ. ವ್ಯಾಪ್ತಿಯ ಕೊನೆಯ ಅಂಚಿಗೆ ಬಂದರೆ ಅದೇ ಗುಂಡು ಸೂರು ದಾಟಿ ಅವನ ನೆತ್ತಿಯ ಮೇಲೆ ಬೀಳುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎರಡು: ಹಾರುವ ಹೊತ್ತು ಹೆಚ್ಚುತ್ತದೆ, ದೂರದ ಜೊತೆಗೆ ಗುಂಡಿನ ಚದುರುವಿಕೆಯೂ ಬೆಳೆಯುತ್ತದೆ. ಓಡುವ ಸ್ಕೌಟ್‌ಗೆ (ಶತ್ರುವನ್ನು ಹುಡುಕುವ ಹಗುರ ಟ್ಯಾಂಕಿಗೆ) ಹೊಡೆಯಲು ಹೋಗಲೇಬೇಡಿ. ಗುಂಡು ಇಳಿಯುವಷ್ಟರಲ್ಲಿ ಅವನು ಎರಡು ಸಲ ದಿಕ್ಕು ಬದಲಿಸಿರುತ್ತಾನೆ. ಟ್ರ್ಯಾಕ್ ಕಳಚಿ ನಿಂತವನು, ಗುಡ್ಡದ ಮರೆಯಲ್ಲಿ ತಲೆ ಮಾತ್ರ ತೋರಿಸುವವನು, ಓಣಿಯಲ್ಲಿ ಮೂತಿಗೆ ಮೂತಿ ಕೊಟ್ಟ ಹೆವಿ, ಇವರೇ ನಿಮ್ಮ ಗಿರಾಕಿಗಳು.

ಒಂದೊಂದು ಏಟಿನ ಪೆಟ್ಟು ಸಣ್ಣದು, ರೀಲೋಡ್ ಬೇಗ. ಆದ್ದರಿಂದ ಟ್ಯಾಂಕ್ ಸುಡುವ ಆಸೆ ಬಿಟ್ಟು ಸ್ಟನ್ ಮೇಲೆ, ಅಂದರೆ ಎದುರಾಳಿಯ ಸಿಬ್ಬಂದಿಯನ್ನು ಸ್ವಲ್ಪ ಹೊತ್ತು ಕಂಗೆಡಿಸುವುದರ ಮೇಲೆ, ಮನಸ್ಸಿಡಿ. 2017ರ 9.18 ಅಪ್‌ಡೇಟ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ, ನೀವು ಕಂಗೆಡಿಸಿದ ಗಾಡಿಗೆ ನಮ್ಮವರು ಹೊಡೆದರೆ ನಿಮಗೂ ಎಕ್ಸ್‌ಪಿ ಸೇರುತ್ತದೆ. ಫಸ್ಟ್ ಏಡ್ ಕಿಟ್ ಬಳಸಿದವನಿಗೆ ಸ್ಟನ್ ಇಳಿಯುತ್ತದೆ. ಆ ಕಿಟ್ ಮತ್ತೆ ಸಿದ್ಧವಾಗುವ ಮೊದಲೇ ಎರಡನೇ ಗುಂಡು ಹಾಕುವ ತಾಕತ್ತು ಎಫ್‌ವಿ304ಕ್ಕಿದೆ.

ಕ್ರುಸೇಡರ್‌ನಲ್ಲಿ ಲೆಕ್ಕವೇ ಬೇರೆ. 5.5 ಇಂಚು, ಅಂದರೆ 140 ಮಿಲಿಮೀಟರ್. ಅಸಲಿ ತೋಪು ಎಸೆಯುತ್ತಿದ್ದದ್ದು 80ರಿಂದ 100 ಪೌಂಡ್ ತೂಕದ ಗುಂಡು. ಗೇಮ್‌ನಲ್ಲೂ ಪೆಟ್ಟಿನ ವ್ಯತ್ಯಾಸ ಮೊದಲ ಏಟಿಗೇ ತಿಳಿಯುತ್ತದೆ. ವ್ಯಾಪ್ತಿ ಧಾರಾಳ, ಪ್ರೊಖೊರೊವ್ಕಾದಲ್ಲಿ ಹಿಂದೆ ನಿಂತೇ ಎರಡೂ ದಂಡೆಗೆ ಕೆಲಸ ಮಾಡಬಹುದು. ಆದರೆ ಕಮಾನು ಚಪ್ಪಟೆ. 700 ಮೀಟರ್ ಚೌಕದ ಹಿಮ್ಮೆಲ್ಸ್‌ಡೋರ್ಫ್‌ನಲ್ಲಿ, 600 ಮೀಟರ್‌ನ ಎನ್ಸ್ಕ್‌ನಲ್ಲಿ ಅರ್ಧ ಗುಂಡುಗಳು ಮಹಡಿಗೆ ಹೋಗುತ್ತವೆ. ಅಂಥ ಊರೊಳಗಿನ ಮ್ಯಾಪ್‌ಗಳಲ್ಲಿ ಎಫ್‌ವಿ304 ಅರಸು. 800 ಮೀಟರ್‌ನ ಮೈನ್ಸ್‌ನಲ್ಲೂ ನಡುಗುಡ್ಡದ ಆಚೆ ಬದಿಗೆ ಇಳಿಸಲು ಅದೇ ಮೇಲು. ಯಾವ ಮ್ಯಾಪ್ ಬರುತ್ತದೆಂದು ಆರಿಸುವ ಹಾಗಿಲ್ಲವಾದ್ದರಿಂದ, ಸರಾಸರಿ ಡ್ಯಾಮೇಜ್ ಲೆಕ್ಕ ಮುಖ್ಯ ಎನ್ನುವವರಿಗೆ ಕ್ರುಸೇಡರ್ ಹೆಚ್ಚು ನೆಮ್ಮದಿ.

ಸಜ್ಜು ಮೂರಕ್ಕೂ ಹೆಚ್ಚುಕಡಿಮೆ ಒಂದೇ: ಮೊದಲು ರೀಲೋಡ್ ಬೇಗ ಮಾಡುವ ಗನ್ ರ‍್ಯಾಮರ್, ಆಮೇಲೆ ಗುರಿ ಬೇಗ ಹಿಡಿಯುವ ಗನ್ ಲೇಯಿಂಗ್ ಡ್ರೈವ್. ಗುರಿ ಸ್ವಲ್ಪ ಪಕ್ಕಕ್ಕೆ ಜರುಗಿದಾಗ ಇಡೀ ಗಾಡಿ ತಿರುಗಿ ಎಯಿಮ್ ವೃತ್ತ ಉಬ್ಬಿದರೆ ಮತ್ತೆ ಕಾಯಬೇಕು. ಅದಕ್ಕೆ ಎಕ್ಸ್ ಕೀ ಒತ್ತಿ ಗಾಡಿಯನ್ನು ಬಿಗಿಯಿರಿ. ತಿರುಗುವ ಕೋನ ಕಡಿಮೆಯಿರುವ ಬಿಷಪ್‌ಗೆ ಇದು ಬೇಕೇ ಬೇಕು. ಎರಡು ಮೂರು ಏಟಾದ ಮೇಲೆ ಜಾಗ ಬದಲಿಸಿ. ಟ್ರೇಸರ್ (ಗುಂಡು ಹಾರಿದ ಹಾದಿಯ ಗೆರೆ) ನೋಡಿ ಎದುರಿನ ಆರ್ಟಿ ಗುಂಡು ಹಾಕುತ್ತದೆ, ಒಂದು ತಂಡಕ್ಕೆ ಗರಿಷ್ಠ ಮೂರು ಆರ್ಟಿ ಇರಬಹುದು.

ಒಂಬತ್ತನೇ ಟಿಯರ್‌ನ ಎಫ್‌ವಿ3805ಕ್ಕೆ ಹೋಗುವವರಿಗೆ ಒಂದು ಮಾತು. ಸೆಂಚುರಿಯನ್ ಚಾಸಿಯ ಮೇಲೆ 5.5 ಇಂಚಿನ ತೋಪು ಹೊತ್ತ ಅಸಲಿ ಪ್ರೊಟೊಟೈಪ್ ಕೂಡ ನಿಂತುಹೋಯಿತು. ನೇಟೋ 105 ಮತ್ತು 155 ಮಿಲಿಮೀಟರ್ ಅಳತೆಗೆ ಹೊರಳಿದ ಮೇಲೆ ಬ್ರಿಟನ್‌ಗೆ ಆ ಅಳತೆಯ ತೋಪು ಬೇಕಿರಲಿಲ್ಲ. ಆ ದಾರಿಯಲ್ಲಿ ಬಂದ 105 ಮಿಲಿಮೀಟರ್‌ನ ಆಬಟ್ ಗಾಡಿಯ ಸರಳ ರೂಪವನ್ನು ನಮ್ಮ ಭಾರತೀಯ ಸೇನೆಯೂ ಕೊಂಡಿತ್ತು. ಗೇಮ್‌ನ ಮೇಲಿನ ಟಿಯರ್‌ಗಳಲ್ಲಿ ಗುಂಡು ದೊಡ್ಡದಾಗುತ್ತದೆ, ರೀಲೋಡ್ ಉದ್ದವಾಗುತ್ತದೆ, ಓಡಾಟ ಕುಗ್ಗುತ್ತದೆ. ಎಫ್‌ವಿ304ರಲ್ಲಿ ಕಲಿತ ಹಿಂಬಾಲಿಸುವ ಆಟ ಅಲ್ಲಿ ನಡೆಯದು. ಆದ್ದರಿಂದ ಎಫ್‌ವಿ304ಕ್ಕೆ ಬೇರೆಯೇ ಸಿಬ್ಬಂದಿ ಕೊಟ್ಟು ಗ್ಯಾರೇಜಿನಲ್ಲಿ ಬಿಡಿ, ಹಳೆಯ ಸಿಬ್ಬಂದಿಯನ್ನು ಕ್ರುಸೇಡರ್ ಮೂಲಕ ಮೇಲಕ್ಕೆ ಕರೆದೊಯ್ಯಿರಿ.