ಲ್ಯಾಪ್‌ಟಾಪ್ ಕೊಳ್ಳುವವರೇ, ‘ರೈಜೆನ್ 5, 8 ಜಿಬಿ, 512’ ಎಂಬ ಚೀಟಿ ನೋಡಿ ಹಣ ಕಟ್ಟಬೇಡಿ

ಮಗನೋ ಮಗಳೋ ಎಂಜಿನಿಯರಿಂಗ್ ಸೇರಿದ್ದಾರೆಂದು ಲ್ಯಾಪ್‌ಟಾಪ್ ತರಲು ಹೊರಟಿರುವವರು ಹಣ ಕಟ್ಟುವ ಮೊದಲು ಇದನ್ನು ಓದಿ. ಸಿಇಟಿ ಸೀಟು ಖಚಿತವಾಗುವ ಹೊತ್ತಿಗೇ ಹಬ್ಬದ ರಿಯಾಯಿತಿಗಳೂ ಶುರುವಾಗುತ್ತವೆ. ಶೋರೂಮಿನಲ್ಲಿ ಪ್ರತಿ ಲ್ಯಾಪ್‌ಟಾಪಿನ ಪಕ್ಕದಲ್ಲೂ ಒಂದು ಚೀಟಿ ನಿಲ್ಲಿಸಿರುತ್ತಾರೆ. ಅದರಲ್ಲಿ ಪ್ರೊಸೆಸರಿನ ಅರ್ಧ ಹೆಸರು, ರ‍್ಯಾಮ್ (ಕೆಲಸದ ಮೆಮೊರಿ) ಎಷ್ಟು, ಎಸ್‌ಎಸ್‌ಡಿ (ಕಡತ ಉಳಿಸುವ ಜಾಗ) ಎಷ್ಟು, ಹೊಡೆದುಹಾಕಿದ ಎಂಆರ್‌ಪಿ, ಅದರ ಕೆಳಗೆ ಕೆಂಪಕ್ಷರದಲ್ಲಿ ಹಬ್ಬದ ಬೆಲೆ. ನಮ್ಮ ಮನೆಗೆ ಬಂದ ಲ್ಯಾಪ್‌ಟಾಪಿನ ಚೀಟಿಯಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ತೊಂದರೆ ಕೊಟ್ಟದ್ದೆಲ್ಲ ಅದರಲ್ಲಿ ಬರೆಯದೆ ಬಿಟ್ಟ ಸಂಗತಿಗಳು.

ಅಕ್ಕನ ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಭಾವ ತರೀಕೆರೆಯವರು. ಶಿವಮೊಗ್ಗದ ಒಂದು ಶೋರೂಮಿಗೆ ಹೋಗಿ, ಐವತ್ತು ಸಾವಿರದ ಒಳಗೆ ಒಳ್ಳೆಯದನ್ನು ಕೊಡಿ ಎಂದು ಕೇಳಿದ್ದಾರೆ. ಮಾರಾಟದ ಹುಡುಗ ಹೇಳಿದ ಮಾತು ಅವರಿಗೆ ಇಂದಿಗೂ ಬಾಯಿಪಾಠ: “ಸರ್, ರೈಜೆನ್ 5, ಅದೂ 7000 ಸರಣಿ, ಹೊಸದು. ನಾಲ್ಕು ವರ್ಷದ ಓದಿಗೆ ಧಾರಾಳವಾಗಿ ಸಾಕು. ಮುಂದೆ ಬೇಕೆನಿಸಿದರೆ ರ‍್ಯಾಮ್ ಹೆಚ್ಚಿಸಿಕೊಳ್ಳಬಹುದು.” ಅಂಗಡಿಯ ಹೆಸರನ್ನಾಗಲಿ ಲ್ಯಾಪ್‌ಟಾಪ್ ಕಂಪನಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಒಂದು ದೂರು ಇನ್ನೂ ಬಾಕಿ ಇದೆ. ಅಲ್ಲದೆ ಅದೊಂದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋದರೆ ಬಚಾವಾದೆವು ಎಂದು ಯಾರೂ ಅಂದುಕೊಳ್ಳುವುದು ನನಗೆ ಬೇಡ.

ಮೊದಲು ಪ್ರೊಸೆಸರಿನ ವಿಚಾರ. ಚೀಟಿಯಲ್ಲಿ ‘ರೈಜೆನ್ 5’ ಎಂದಷ್ಟೇ ಇತ್ತು. ಪೂರ್ತಿ ಹೆಸರು ರೈಜೆನ್ 5 7520ಯು. ಇದನ್ನು ತಯಾರಿಸುವ ಎಎಂಡಿ ಕಂಪನಿ ಈ ಸರಣಿಯ ಅಂಕಿಗಳಿಗೆ ಏನರ್ಥ ಎಂಬುದನ್ನು 2022ರಲ್ಲೇ ಪ್ರಕಟಿಸಿದೆ. ಮೊದಲ ಅಂಕಿ 7 ಎಂದರೆ 2023ರ ಮಾದರಿ. ನೋಡಬೇಕಾದದ್ದು ಮೂರನೆಯ ಅಂಕಿ, ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುವುದು ಅದೇ. 7520ರಲ್ಲಿ ಅದು 2, ಅಂದರೆ ಝೆನ್ 2. ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಅದೇ ‘ರೈಜೆನ್ 5’ ಹೆಸರಿನ 7530ಯುವಿನಲ್ಲಿ ಇರುವುದು ಝೆನ್ 3, 7640ಯುವಿನಲ್ಲಿ ಝೆನ್ 4. 7520ಯುವಿಗೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಉಳಿದೆರಡಕ್ಕೆ ಆರಾರು. ಚೀಟಿಯ ಮೇಲೆ ಮಾತ್ರ ಮೂರೂ ಒಂದೇ. ಚಿಪ್‌ ಮೇಲೆ ನನಗೇನೂ ಸಿಟ್ಟಿಲ್ಲ. ಬರೆಯುವುದಕ್ಕೆ, ಬ್ರೌಸರಿಗೆ, ಸಿನಿಮಾಕ್ಕೆ ಅದು ಸಾಕು. ಮೂವತ್ತು ಸಾವಿರದ ಆಸುಪಾಸಿನಲ್ಲಿ ಸಿಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಎಂಜಿನಿಯರಿಂಗ್ ಓದುವ ಹುಡುಗಿಗೆ ಎಂದು ತಿಳಿದೂ, ಮೂರನೆಯ ಅಂಕಿಯನ್ನು ಮರೆಮಾಡಿ, ಮೇಲಿನ ದರ್ಜೆಯ ಬೆಲೆಗೆ ಅದನ್ನು ಕೊಟ್ಟದ್ದು ಅಂಗಡಿ.

ಇಂಟೆಲ್ ಕಡೆಗೆ ಹೋದರೂ ಪೂರ್ತಿ ಹೆಸರು ಕೇಳಲೇಬೇಕು. ಕೋರ್ 5 120ಯು, ಕೋರ್ 7 150ಯು ಎಂಬ ಹೆಸರುಗಳು 2024ರಲ್ಲಿ ಬಂದವು, ಆದರೆ ಒಳಗಿರುವುದು ಅದಕ್ಕೂ ಹಿಂದಿನ ರ‍್ಯಾಪ್ಟರ್ ಲೇಕ್ ವಿನ್ಯಾಸ. 2023ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮೆಟಿಯರ್ ಲೇಕ್ ಎಂಬ ಹೊಸ ವಿನ್ಯಾಸ ಬೇರೆ. ಅದರ ಹೆಸರಿನಲ್ಲಿ ‘ಅಲ್ಟ್ರಾ’ ಇರುತ್ತದೆ. ಕೋರ್ ಐ3-ಎನ್305 ಎಂಬುದರಲ್ಲಿ ಎಂಟು ಕೋರ್ ಇವೆ, ಎಂಟೂ ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು. ಕೊನೆಯ ಅಕ್ಷರವನ್ನೂ ಬಿಡಬೇಡಿ. ‘ಯು’ ಕಡಿಮೆ ವಿದ್ಯುತ್ತಿನದು, ‘ಎಚ್’ ಹೆಚ್ಚು ಶಕ್ತಿಯದು, ಅದರ ಜೊತೆಗೆ ಶಾಖ ಮತ್ತು ಫ್ಯಾನಿನ ಸದ್ದು ಬರುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರು ಗ್ರಾಫಿಕ್ಸ್ ಚಿಪ್ಪಿಗೆ ಕಂಪನಿ ಎಷ್ಟು ವಾಟ್ ಕೊಟ್ಟಿದೆ ಎಂದೂ ಕೇಳಬೇಕು. ಆರ್‌ಟಿಎಕ್ಸ್ 4060 ಒಂದು ಮಾದರಿಯಲ್ಲಿ 35 ವಾಟಿಗೂ ಇನ್ನೊಂದರಲ್ಲಿ 115 ವಾಟಿಗೂ ಇರಬಹುದು. ಇವೆರಡರ ಓಟದಲ್ಲಿ ಭಾರಿ ಅಂತರವಿದೆ.

ಇನ್ನು ಆ ‘ರ‍್ಯಾಮ್ ಹೆಚ್ಚಿಸಿಕೊಳ್ಳಬಹುದು’ ಎಂಬ ಭರವಸೆ. ಇದು ನೇರವಾದ ಸುಳ್ಳು. 7520ಯು ಕೆಲಸ ಮಾಡುವುದು ಎಲ್‌ಪಿಡಿಡಿಆರ್5 ಮೆಮೊರಿಯೊಂದಿಗೆ, ಆ ಮೆಮೊರಿ ಮದರ್‌ಬೋರ್ಡಿಗೆ ಬೆಸುಗೆ ಹಾಕಿಯೇ ಬರುತ್ತದೆ. ಅದಕ್ಕೆ ಸ್ಲಾಟ್ ಎಂಬುದೇ ಇಲ್ಲ. ಕೊಂಡ ದಿನ 8 ಇದ್ದರೆ ಗುಜರಿಗೆ ಹಾಕುವ ದಿನವೂ 8. ಆ ಎಂಟರಲ್ಲಿಯೂ ಒಂದು ಪಾಲನ್ನು ಗ್ರಾಫಿಕ್ಸ್ ಮೊದಲೇ ತೆಗೆದಿಟ್ಟುಕೊಳ್ಳುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ವಿಂಡೋಸಿಗೆ ಸಿಗುತ್ತಿದ್ದದ್ದು ಏಳು ಜಿಬಿ ಚಿಲ್ಲರೆ. ಫೋನಿನ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋವನ್ನು ಎಮ್ಯುಲೇಟರಿನೊಂದಿಗೆ (ಪರದೆಯೊಳಗಿನ ಅಣಕು ಫೋನ್) ಬಳಸಲು ಗೂಗಲ್ಲೇ 16 ಜಿಬಿ ಇರಬೇಕು ಎನ್ನುತ್ತದೆ. ನಾಲ್ಕು ವರ್ಷದ ಓದಿಗೆ ಧಾರಾಳವಂತೆ! ಮೊದಲ ವರ್ಷ ಮುಗಿಯುವ ಮೊದಲೇ ಅವಳು ದೊಡ್ಡ ಪ್ರಾಜೆಕ್ಟುಗಳಿಗೆ ಕಾಲೇಜಿನ ಲ್ಯಾಬಿನಲ್ಲಿ ಸರದಿ ಕಾಯತೊಡಗಿದ್ದಳು.

ಇದನ್ನು ಶೋರೂಮಿನಲ್ಲೇ ಪತ್ತೆಹಚ್ಚಬಹುದು. ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು ಸಿಗುತ್ತದೆ. ಅಲ್ಲೇ ಮೆಮೊರಿಯನ್ನು ಕ್ಲಿಕ್ ಮಾಡಿ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ನೋಡಿ. ‘ಎಸ್‌ಒಡಿಐಎಂಎಂ’ ಎಂದಿದ್ದರೆ ಕಳಚಿ ಹಾಕುವ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಸಾಮಾನ್ಯವಾಗಿ ಬೆಸುಗೆ ಹಾಕಿದ್ದು. ಇಷ್ಟು ಮಾಡಲು ಬಿಡದ ಅಂಗಡಿಯಲ್ಲಿ ವ್ಯಾಪಾರವೇ ಬೇಡ. (ಒಂದು ಮಾತು ಅಂಗಡಿಯವರ ಪರವಾಗಿಯೂ ಹೇಳಬೇಕು: 512 ಜಿಬಿ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಎಂದು ತೋರಿಸುತ್ತದೆ. ಅದು ಮೋಸವಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಭಾವ ಜಗಳಕ್ಕೆ ಹೊರಟದ್ದು ಮೊದಲು ಇದಕ್ಕೇ.)

ಪರದೆಯ ಬಗ್ಗೆ ಚೀಟಿಯಲ್ಲಿ ‘15.6 ಫುಲ್ ಎಚ್‌ಡಿ’ ಎಂದಿತ್ತು. ಕಂಪನಿಯ ವಿವರಪಟ್ಟಿಯ ಕೊನೆಯಲ್ಲಿ 250 ನಿಟ್ಸ್ (ಬೆಳಕಿನ ಅಳತೆ), 45 ಪ್ರತಿಶತ ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಅಳತೆ) ಎಂಬ ಸಾಲಿರುತ್ತದೆ. ಎಸ್‌ಆರ್‌ಜಿಬಿ ಎಂಬ ಇನ್ನೊಂದು ಬಣ್ಣದ ಅಳತೆಯ ಲೆಕ್ಕದಲ್ಲಿ ಅದು ಪ್ರತಿಶತ ಅರವತ್ತರ ಮೇಲೆ ಸ್ವಲ್ಪ. ಅಂಥ ಪರದೆಯಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣದಂತೆ ಕಾಣುತ್ತದೆ, ಕಿಟಕಿಯ ಬಳಿ ಕುಳಿತರೆ ಅದೂ ಕಾಣುವುದಿಲ್ಲ. ಶೋರೂಮಿನಲ್ಲಿ ಇದು ಗೊತ್ತಾಗದು, ಏಕೆಂದರೆ ಅಲ್ಲಿ ಬೆಳಕನ್ನು ಪೂರ್ತಿ ಏರಿಸಿ, ಚಾರ್ಜರ್ ಸಿಕ್ಕಿಸಿ, ಹೂವು ಗಿಳಿಗಳ ವಿಡಿಯೋ ಹಾಕಿರುತ್ತಾರೆ. ಬ್ಯಾಟರಿಯ ಗಂಟೆಗಳನ್ನೂ ಹಾಗೆಯೇ ನಂಬಬೇಡಿ, ವಾಟ್-ಅವರ್ ಕೇಳಿ. 42 ವಾಟ್-ಅವರ್ ಬ್ಯಾಟರಿ, ಹಗುರ ಕೆಲಸಕ್ಕೆ ಸುಮಾರು 8 ವಾಟ್ ಖರ್ಚು ಎಂದರೆ ಐದು ಗಂಟೆ ಚಿಲ್ಲರೆ, ಅದೂ ಹೊಸದರಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ‘ನಿಧಾನದ ಲ್ಯಾಪ್‌ಟಾಪ್’ ಎಂದು ಸುಮ್ಮನಾಗಬಹುದಿತ್ತು. ನಿಜವಾದ ಪಾಡು ಆರಂಭವಾದದ್ದು ಪರದೆಯನ್ನು ಕೆಳಭಾಗಕ್ಕೆ ಜೋಡಿಸುವ ಹಿಂಜ್ (ತಿರುಗಣಿ) ಮುರಿದಾಗ. ವಾರಂಟಿ ಇನ್ನೂ ಚಾಲ್ತಿಯಲ್ಲಿತ್ತು. ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಒಂದು ಬೆಳಿಗ್ಗೆ ಪರದೆ ತೆರೆಯುವಾಗ ಎಡಮೂಲೆಯಲ್ಲಿ ಚಟ್ ಎಂದು ಸದ್ದಾಗಿ ಚೌಕಟ್ಟು ಬಾಯಿಬಿಟ್ಟಿತು.

ಅಗ್ಗದ ಪ್ಲಾಸ್ಟಿಕ್ ಲ್ಯಾಪ್‌ಟಾಪುಗಳಲ್ಲಿ ಇದು ಏಕೆ ಆಗುತ್ತದೆ ಎಂದು ತಿಳಿದಿರಲಿ. ಹಿಂಜ್ ಉಕ್ಕಿನದು, ಅದನ್ನು ಹಿಡಿದಿಡುವ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್ ಕಂಬಗಳಲ್ಲಿ ಒತ್ತಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಲ್ಲಿ. ಹಿಂಜ್ ಬಿಗಿಯಾಗಿದ್ದಷ್ಟೂ, ಮುಚ್ಚಳ ತೆರೆದಾಗಲೆಲ್ಲ ಆ ಕಂಬಗಳನ್ನು ಮೀಟುತ್ತದೆ. ಮೂಲೆ ಹಿಡಿದು ತೆರೆದರೆ ಒಂದೇ ಕಡೆಗೆ ಎಲ್ಲ ಬಲ. ಒಂದು ದಿನ ಕಂಬ ಸೀಳಿ ನಟ್ಟು ಕಿತ್ತು ಬರುತ್ತದೆ. ಆಮೇಲೂ ತೆರೆದು ಮುಚ್ಚುತ್ತಿದ್ದರೆ ಮುರುಕು ಭಾಗ ಪರದೆಯ ಕೇಬಲನ್ನೂ ಕತ್ತರಿಸಬಹುದು. ಆದ್ದರಿಂದ ಅಂಗಡಿಯಲ್ಲಿ ಮುಚ್ಚಳದ ನಡುವೆ ಒಂದೇ ಬೆರಳಿಟ್ಟು ಎತ್ತಿ ನೋಡಿ. ಕೆಳಗಿನ ಭಾಗವೂ ಮೇಲೇಳುವಂತಿದ್ದರೆ ಹಿಂಜ್ ಆ ಮೈಗೆ ವಿಪರೀತ ಬಿಗಿ. ಕೀಲಿಮಣೆಯ ಮಧ್ಯದಲ್ಲಿ ಒತ್ತಿ, ತಗ್ಗುತ್ತದೆಯೇ ನೋಡಿ. ಪರದೆಯ ಎರಡು ಮೂಲೆಗಳನ್ನು ಹಿಡಿದು ಬಹಳ ಮೃದುವಾಗಿ ತಿರುಚಿದರೆ ಒಳಗೆ ಲೋಹದ ತಗಡು ಇದೆಯೋ ಬರೀ ಪ್ಲಾಸ್ಟಿಕ್ಕೋ ಎಂಬುದು ಕೈಗೇ ತಿಳಿಯುತ್ತದೆ. ಬೆಳ್ಳಿ ಬಣ್ಣ ಬಳಿದ ಮಾತ್ರಕ್ಕೆ ಅಲ್ಯೂಮಿನಿಯಂ ಆಗುವುದಿಲ್ಲ.

ಬೆಂಗಳೂರಿನ ಅಧಿಕೃತ ಸೇವಾ ಕೇಂದ್ರಕ್ಕೆ ಅವಳ ಜೊತೆ ನಾನೇ ಹೋದೆ. ಕೌಂಟರಿನಲ್ಲಿದ್ದವರು ಲ್ಯಾಪ್‌ಟಾಪನ್ನು ಪೂರ್ತಿ ತೆರೆಯಲೂ ಇಲ್ಲ. ಜಾಬ್‌ಶೀಟಿನಲ್ಲಿ ‘ಸಿಐಡಿ’ ಎಂದು ಬರೆದರು. ಅಂದರೆ ಗ್ರಾಹಕರಿಂದಾದ ಹಾನಿ, ವಾರಂಟಿ ಅನ್ವಯಿಸದು. ಮೇಲಿನ ಮುಚ್ಚಳ, ಹಿಂಜ್, ಕೂಲಿ, ಅದರ ಮೇಲೆ 18 ಪ್ರತಿಶತ ಜಿಎಸ್‌ಟಿ ಸೇರಿ ಅವರು ಕೊಟ್ಟ ಅಂದಾಜಿಗೆ ಬಳಸಿದ ಲ್ಯಾಪ್‌ಟಾಪೊಂದಕ್ಕೆ ಮುಂಗಡ ಕೊಡಬಹುದಿತ್ತು. “ಮೈಮೇಲೆ ಒಂದು ಗೀರಾದರೂ ತೋರಿಸಿ” ಎಂದರೆ, “ಹಿಂಜ್ ತಾನಾಗಿ ಮುರಿಯುವುದಿಲ್ಲ ಸರ್” ಎಂಬ ಉತ್ತರ. ಭಾವ ಶೋರೂಮಿನಲ್ಲಿ ಹೆಚ್ಚುವರಿ ಹಣ ಕೊಟ್ಟು ‘ವಿಸ್ತರಿತ ವಾರಂಟಿ’ಯನ್ನೂ ಪಡೆದಿದ್ದರು. ಕಾಗದ ತೆಗೆದು ಓದಿದರೆ ಅದು ಲ್ಯಾಪ್‌ಟಾಪ್ ಕಂಪನಿಯದ್ದೇ ಅಲ್ಲ, ಮೂರನೆಯವರ ಯೋಜನೆ. ಜಾರಿಗೆ ಬರುವುದು ಮೊದಲ ವರ್ಷ ಮುಗಿದ ಮೇಲೆ, ‘ಭೌತಿಕ ಹಾನಿ’ ಅದರಲ್ಲೂ ಹೊರಗೆ. ಬಿದ್ದು ಒಡೆದರೂ ರಿಪೇರಿ ಮಾಡಿಕೊಡುವ ರಕ್ಷಣೆ ಬೇಕಿದ್ದರೆ ಅದನ್ನು ಕಂಪನಿಯಿಂದಲೇ ಕೊಳ್ಳಿ, ಸೀರಿಯಲ್ ನಂಬರ್ ಹಾಕಿ ಅದು ದಾಖಲಾಗಿದೆಯೇ ನೋಡಿ. ಸೀರಿಯಲ್ ನಂಬರ್ ಹಾಕಿದಾಗ ವಾರಂಟಿ ಆರಂಭದ ದಿನಾಂಕವನ್ನೂ ಪರೀಕ್ಷಿಸಿ. ಬಿಲ್ಲಿನ ದಿನಾಂಕಕ್ಕಿಂತ ಹಿಂದಿನದಿದ್ದರೆ ಬಿಲ್ಲು ಕಳುಹಿಸಿ ಸರಿಪಡಿಸಲು ಕೇಳಬಹುದು.

ನಾವು ಅಂದಾಜಿಗೆ ಒಪ್ಪಿ ಸಹಿ ಹಾಕಲಿಲ್ಲ. ಜಾಬ್‌ಶೀಟಿನ ಪ್ರತಿ ಪಡೆದೆವು, ಹಿಂಜಿನ ಬಳಿಯ ಬಿರುಕನ್ನೂ ಗೀರಿಲ್ಲದ ನಾಲ್ಕು ಮೂಲೆಗಳನ್ನೂ ಅಲ್ಲೇ ಫೋಟೋ ತೆಗೆದೆವು. ಹೊರಗೆ ಬೀಳುವ ಮೊದಲು ಈ ಕೆಲಸ ಆಗಬೇಕು, ಲ್ಯಾಪ್‌ಟಾಪನ್ನು ಅಲ್ಲಿ ಬಿಟ್ಟುಬಂದ ಮೇಲೆ ಯಾವ ಗೀರು ಯಾವಾಗಿನದು ಎಂದು ಯಾರೂ ಹೇಳಲಾರರು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಆದರೆ ಕೌಂಟರಿನಲ್ಲಿ ಸಿಗದ ಕಿವಿ ಅಲ್ಲಿ ಸಿಗುತ್ತದೆ. ಕಂಪನಿಯ ಮೇಲಿನ ಹಂತದವರು ಕರೆ ಮಾಡಿದರು, ಲ್ಯಾಪ್‌ಟಾಪನ್ನು ಮತ್ತೊಮ್ಮೆ ಪರೀಕ್ಷಿಸಿ, ‘ವಿಶೇಷ ಪ್ರಕರಣ’ ಎಂದು ಹೇಳಿ ಮುಚ್ಚಳವನ್ನೂ ಹಿಂಜನ್ನೂ ಉಚಿತವಾಗಿ ಬದಲಿಸಿದರು. ದೋಷ ತಮ್ಮದೆಂದು ಮಾತ್ರ ಒಪ್ಪಲಿಲ್ಲ.

ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಅಂಗಡಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಮಿತಿ ಮಾತ್ರ ನೆನಪಿರಲಿ. ರ‍್ಯಾಮ್ ಬಗ್ಗೆ ಹೇಳಿದ ಸುಳ್ಳಿಗೆ ಭಾವನ ಬಳಿ ಬರಹದ ಸಾಕ್ಷಿ ಏನೂ ಇಲ್ಲ, ಮಾರಾಟದ ಹುಡುಗ ಈಗ ಆ ಅಂಗಡಿಯಲ್ಲೂ ಇಲ್ಲ. ನೀವು ಕೊಳ್ಳುವಾಗ ಪೂರ್ತಿ ಮಾದರಿ ಸಂಖ್ಯೆಯನ್ನೂ ‘ರ‍್ಯಾಮ್ ಹೆಚ್ಚಿಸಬಹುದು’ ಎಂಬ ಮಾತನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಬರೆಯಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆ. ವಿಸ್ತರಿತ ವಾರಂಟಿಯ ವಿಷಯದಲ್ಲಿ ಮಾತ್ರ ರಸೀದಿ ಇದೆ. ಅದರ ಮೇಲೆ ಅಂಗಡಿಯವರು ಲ್ಯಾಪ್‌ಟಾಪ್ ಕಂಪನಿಯ ಹೆಸರನ್ನೇ ಬರೆದುಕೊಟ್ಟಿದ್ದಾರೆ. ಆ ಹಣ ವಾಪಸು ಕೇಳಿ ಭಾವ ಚಿಕ್ಕಮಗಳೂರಿನ ಆಯೋಗಕ್ಕೆ ದೂರು ಸಲ್ಲಿಸಿದ್ದಾರೆ, ಅಂಗಡಿಗೆ ನೋಟಿಸು ಹೋಗಬೇಕಿದೆ.