ಕಾಯಿಸಿದರು ನಿಜ, ಆದರೆ ಕೂತು ವಿವರಿಸಿದರು

ಐದಕ್ಕೆ ನಾಲ್ಕು ಸ್ಟಾರ್. ಕಳೆದ ತಿಂಗಳು ದೊಡ್ಡಪ್ಪನನ್ನು ಮಡಿಕೇರಿಯ ಈ ಸ್ಕ್ಯಾನ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ 72 ವರ್ಷ. ಕಾಫಿ ಕೊಯ್ಲಿನ ಹೊತ್ತಿಗೆ ಅಕ್ಕಿ ತರಿಯ ಕಡಂಬುಟ್ಟು ಎದೆಯ ಹತ್ತಿರ ಸಿಕ್ಕಿಕೊಳ್ಳೋಕೆ ಶುರುವಾಯ್ತು, ಆಮೇಲೆ ಗಂಜಿಯೂ ಇಳಿಯಲಿಲ್ಲ, ಎರಡೇ ತಿಂಗಳಲ್ಲಿ 9 ಕೆಜಿ ಇಳಿದುಹೋದರು. ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ ಅಂತ ಮಾತ್ರೆ ಕೊಟ್ಟೇ ಆರು ವಾರ ಕಳೆದರು. ಆ ಆರು ವಾರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಮಾಡಿಸಿದ ಎಂಡೋಸ್ಕೋಪಿಯಲ್ಲಿ ಅನ್ನನಾಳದ ಒಳಗೆ ಹುಣ್ಣಿಲ್ಲ, ಗಡ್ಡೆಯಿಲ್ಲ.

ಇಲ್ಲಿ ಮೊದಲು ಬೇರಿಯಂ ಟೆಸ್ಟ್. ಸುಣ್ಣದ ತಿಳಿಯಂಥ ಬಿಳಿ ನೀರನ್ನು ಮಷೀನ್ ಮುಂದೆ ನಿಂತು ಗುಟುಕು ಗುಟುಕಾಗಿ ಕುಡಿಯಬೇಕು. ದೊಡ್ಡಪ್ಪನ ಕೈ ನಡುಗುತ್ತಿತ್ತು. ಟೆಕ್ನಿಷಿಯನ್ ಹುಡುಗಿ ಲೋಟ ತಾನೇ ಹಿಡಿದುಕೊಂಡು 'ನಿಧಾನ ತಾತ, ಅವಸರ ಇಲ್ಲ' ಅಂದಳು. ಸ್ಕ್ರೀನಿನಲ್ಲಿ ಅನ್ನನಾಳ ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ನುಣುಪಾಗಿ ಸಣ್ಣಗಾಗಿತ್ತು. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗದ ಅಕಲೇಶಿಯಾ ಅನ್ನೋ ಕಾಯಿಲೆಯಲ್ಲೂ ಹೀಗೇ ಕಾಣುತ್ತದಂತೆ. ಆದರೆ ಈ ವಯಸ್ಸಿನಲ್ಲಿ ದಿಢೀರ್ ಅಂತ ಬಂದು ತೂಕವೂ ಇಳಿದಿದ್ದರೆ, ಹೊರಗಿನಿಂದ ಏನಾದರೂ ಒತ್ತುತ್ತಿದೆಯಾ ನೋಡಲೇಬೇಕು ಅಂತ ರೇಡಿಯಾಲಜಿಸ್ಟ್ ಹೇಳಿದರು.

ಮರುದಿನ ಕಾಂಟ್ರಾಸ್ಟ್ (ಒಳಭಾಗ ಸ್ಪಷ್ಟ ಕಾಣಲು ರಕ್ತನಾಳಕ್ಕೆ ಕೊಡುವ ಮದ್ದು) ಹಾಕಿ ಸಿಟಿ ಸ್ಕ್ಯಾನ್. ಸೂಜಿಮದ್ದು ಹೋಗುವಾಗ ಮೈಯೆಲ್ಲಾ ಬಿಸಿಯಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು, ಒಳ್ಳೆಯದಾಯ್ತು. ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ್ ನನ್ನನ್ನು ಕಂಪ್ಯೂಟರ್ ಪಕ್ಕ ಕೂರಿಸಿಕೊಂಡು ತೋರಿಸಿದರು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ಬಾಲದ ಕಡೆ, ಸುತ್ತಲಿನ ಭಾಗ ಬೆಳ್ಳಗಿದ್ದರೆ ಒಂದು ಜಾಗ ಮಾತ್ರ ಮಂಕಾಗಿತ್ತು. ಅದೇ ಗಡ್ಡೆ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಊದಿದ ಗಂಟುಗಳು ಅದನ್ನು ಹಿಂಡುತ್ತಿದ್ದವು.

'ಕಣ್ಣು ಹಳದಿ ಆಗಿರಲಿಲ್ವಲ್ಲ ಡಾಕ್ಟ್ರೇ?' ಅಂತ ಕೇಳಿದೆ. ಪಿತ್ತದ ನಾಳ ಪ್ಯಾಂಕ್ರಿಯಾಸ್‌ನ ತಲೆಯ ಭಾಗದಲ್ಲಿ ಹಾದುಹೋಗುತ್ತದೆ, ಅಲ್ಲಿ ಗಡ್ಡೆಯಾದರೆ ಕಾಮಾಲೆ ಬರುತ್ತದೆ, ಬಾಲದಲ್ಲಾದರೆ ತುಂಬಾ ದಿನ ಸುಳಿವೇ ಕೊಡಲ್ಲ ಅಂದರು. ನೋಡಿದರೆ ಕ್ಯಾನ್ಸರ್ ಥರ ಇದೆ, ಆದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ನುಂಗುವುದನ್ನು ಕಟ್ಟಿಹಾಕೋದು ಅಪರೂಪ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗದೆ ಖಚಿತ ಹೇಳಲ್ಲ ಅಂತಲೂ ಹೇಳಿದರು. ಮೈಸೂರಿನಲ್ಲಿ ಬಯಾಪ್ಸಿಯೂ ಕ್ಯಾನ್ಸರ್ ಅಂತಲೇ ಹೇಳಿತು. ಇವರು ಕೊಟ್ಟ ಸಿಡಿಯನ್ನೇ ಅಲ್ಲಿ ನೋಡಿದರು, ಮತ್ತೆ ಸ್ಕ್ಯಾನ್ ಮಾಡಿಸಲಿಲ್ಲ. ಅನ್ನನಾಳ ತೆರೆದಿರಲು ಸ್ಟೆಂಟ್ ಅನ್ನೋ ಕೊಳವೆ ಹಾಕಿದ್ದಾರೆ, ಈಗ ಗಂಜಿ ಇಳಿಯುತ್ತಿದೆ.

ಒಂದು ಸ್ಟಾರ್ ಕಳೆದಿದ್ದು ಕಾಯಿಸಿದ್ದಕ್ಕೆ. ಮೂರು ಗಂಟೆ, ಅದೂ ಖಾಲಿ ಹೊಟ್ಟೆಯಲ್ಲಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ) ರಿಪೋರ್ಟ್ ಇಲ್ಲದೆ ಕಾಂಟ್ರಾಸ್ಟ್ ಹಾಕಲ್ಲ, ಅದನ್ನು ಹಿಂದಿನ ದಿನವೇ ಯಾರೂ ಹೇಳಿರಲಿಲ್ಲ. ನೀವು ಮೊದಲೇ ಮಾಡಿಸಿಕೊಂಡು ಹೋಗಿ.